ಮಾತು ಕೇಳುವ ಮನೆ

ಮನೆಯಲ್ಲಿ ದೀಪ ಬೆಳಗಿಸುವ ಕೆಲಸವು ಹೇಗೆ ಹೇಗೆ ಮಾರ್ಪಡುತ್ತ ಬಂದಿತೆಂಬುದನ್ನು ನೆನೆದರೆ ವಿಜ್ಞಾನದ ನಡೆ ಎತ್ತ ಸಾಗಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮ ಹಿರಿಯರು ಹಣತೆಗೆ ಎಣ್ಣೆ ಹೊಯ್ದು, ಬತ್ತಿ ಹೊಸೆದು, ಕಡ್ಡಿ ಗೀರಬೇಕಾಗಿತ್ತು. ವಿದ್ಯುತ್ತು ಬಂದಮೇಲೆ ಗೋಡೆಯ ಗುಂಡಿಯನ್ನು ಒತ್ತಿದರೆ ಕೆಲಸ ಮುಗಿಯಿತು. ಈಗಲಾದರೋ ಕುಳಿತಲ್ಲಿಂದ ಏಳದೆ ಬಾಯಿಂದ ಒಂದು ಮಾತು ಆಡಿದರೆ ಸಾಕು. ದೀಪ ಹೊತ್ತುತ್ತದೆ, ಪಂಖ ತಿರುಗುತ್ತದೆ, ರೇಡಿಯೋ ಹಾಡುತ್ತದೆ. ಇಂಥ ಏರ್ಪಾಡುಳ್ಳ ಮನೆಗೆ ಸ್ಮಾರ್ಟ್ ಹೋಮ್ ಎಂಬ ಹೆಸರು ರೂಢಿಯಲ್ಲಿದೆ.

ಇದನ್ನು ಕೆಲವರು ಪವಾಡವೆಂದು ಬೆರಗಾಗುವರು. ಮತ್ತೆ ಕೆಲವರು ಪಟ್ಟಣದ ಸಿರಿವಂತರ ಆಟಿಕೆಯೆಂದು ತಳ್ಳಿಹಾಕುವರು. ಎರಡೂ ಸರಿಯಲ್ಲ. ಇದರ ಹಿಂದೆ ಇರುವುದು ನೀವು ಪಠ್ಯಪುಸ್ತಕದಲ್ಲಿ ಓದುವ ಶಬ್ದಶಾಸ್ತ್ರ ಮತ್ತು ಸಂಭಾವ್ಯತಾ ಗಣಿತ. ಇದರ ಉಪಯೋಗವೂ ಪಟ್ಟಣಕ್ಕೇ ಮೀಸಲಾದುದಲ್ಲ. ಆದುದರಿಂದ ಬೆಂಗಳೂರಿನ ಬಂಗಲೆಯನ್ನು ಬಿಟ್ಟು, ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಕಾಣಸಿಗುವ ಒಂದು ಸಾಮಾನ್ಯ ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಎರಡು ಪ್ರಶ್ನೆಗಳನ್ನು ವಿಚಾರಿಸೋಣ. ಯಂತ್ರವು ಮಾತನ್ನು ಕೇಳುವುದೆಂದರೇನು? ಅದು ಯಾರ ಮಾತನ್ನು ಕೇಳುತ್ತದೆ, ಯಾರ ಮಾತನ್ನು ಕೇಳದೆ ಹೋಗುತ್ತದೆ?

ಹೊಲದಲ್ಲಿ ಆಗಲೇ ನಡೆದಿರುವ ಕೆಲಸ

ಧ್ವನಿಯಿಂದ ಯಂತ್ರವನ್ನು ನಡೆಸುವುದು ಈ ಸೀಮೆಗೆ ಹೊಸದೇನಲ್ಲ. ಹೊಲದ ಪಂಪ್‌ಸೆಟ್ಟಿಗೆ ಬೇಕಾದ ಮೂರು ಫೇಸಿನ ವಿದ್ಯುತ್ತು ಸರದಿಯಂತೆ ಬರುವುದರಿಂದ, ನಡುರಾತ್ರಿಯಲ್ಲಿ ಎದ್ದು ಹೊಲಕ್ಕೆ ನಡೆದುಹೋಗಿ ಮೋಟಾರು ಹಚ್ಚಬೇಕಾದ ಕಷ್ಟವನ್ನು ಇಲ್ಲಿಯ ರೈತರ ಮಕ್ಕಳು ಬಲ್ಲರು. ಈ ಕಷ್ಟವನ್ನು ಕಳೆಯಲೆಂದು ಮೊಬೈಲ್ ಸ್ಟಾರ್ಟರುಗಳು ಬಂದವು. ಪುಣೆಯಲ್ಲಿ ರೂಪುಗೊಂಡ 'ನ್ಯಾನೋ ಗಣೇಶ್' ಎಂಬುದು ಇವುಗಳಲ್ಲೊಂದು. ಸ್ಟಾರ್ಟರಿಗೆ ಒಂದು ಫೋನನ್ನು ಜೋಡಿಸಿರುತ್ತಾರೆ. ರೈತನು ಮನೆಯಿಂದಲೇ ಆ ಫೋನಿಗೆ ಕರೆಮಾಡಿ ಗೊತ್ತಾದ ಅಂಕೆಯ ಗುಂಡಿಗಳನ್ನು ಒತ್ತಿದರೆ ಮೋಟಾರು ಚಾಲೂ ಆಗುತ್ತದೆ; ಬೇರೆ ಅಂಕೆಯನ್ನು ಒತ್ತಿದರೆ ಬಂದ್ ಆಗುತ್ತದೆ.

ಕರೆಯ ನಡುವೆ ಗುಂಡಿಯನ್ನು ಒತ್ತಿದಾಗ 'ಪೀಂ' ಎಂಬ ಸಪ್ಪಳ ಕೇಳುತ್ತದಷ್ಟೆ? ಅದು ಒಂದು ಸ್ವರವಲ್ಲ. ಏಕಕಾಲಕ್ಕೆ ಹೊರಡುವ ಎರಡು ಸ್ವರಗಳು. ಗುಂಡಿಗಳು ಅಡ್ಡಸಾಲು, ಕಂಬಸಾಲುಗಳಲ್ಲಿ ಕೂಡಿಸಲ್ಪಟ್ಟಿವೆ. ಮೇಲಿನಿಂದ ಕೆಳಕ್ಕೆ ನಾಲ್ಕು ಅಡ್ಡಸಾಲುಗಳಿಗೆ ಸೆಕೆಂಡಿಗೆ 697, 770, 852, 941 ಕಂಪನಗಳ ಸ್ವರಗಳನ್ನು ಗೊತ್ತುಮಾಡಿದ್ದಾರೆ. ಎಡದಿಂದ ಬಲಕ್ಕೆ ಮೂರು ಕಂಬಸಾಲುಗಳಿಗೆ 1209, 1336, 1477 ಕಂಪನಗಳ ಸ್ವರಗಳಿವೆ. 5ನ್ನು ಒತ್ತಿದರೆ 770 ಮತ್ತು 1336 ಕಂಪನಗಳ ಸ್ವರಗಳು ಕೂಡಿ ಹೊರಡುತ್ತವೆ. 1ಕ್ಕೆ 697 ಮತ್ತು 1209. ಸ್ಟಾರ್ಟರಿನಲ್ಲಿರುವ ಮಂಡಲವು ಈ ಜೋಡಿಯನ್ನು ಗುರುತಿಸಿ ರಿಲೇ ಎಂಬ ವಿದ್ಯುತ್ ಕೀಲನ್ನು ಎಳೆಯುತ್ತದೆ. ಅಮೆರಿಕದ ಬೆಲ್ ಸಂಸ್ಥೆಯು 1963ರಲ್ಲಿ ಟೆಲಿಫೋನಿಗಾಗಿ ಬಳಕೆಗೆ ತಂದ ಈ ಉಪಾಯವು ಇಂದು ಲಿಂಬೆಯ ತೋಟಕ್ಕೆ ನೀರು ಹಾಯಿಸುತ್ತಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಒಂದು ಸ್ವರದ ದ್ವಿಗುಣ, ತ್ರಿಗುಣವು ಮತ್ತೊಂದು ಸ್ವರಕ್ಕೆ ಸರಿಹೋಗದಂತೆ, ಮನುಷ್ಯರ ಮಾತಿನಲ್ಲಿ ಅಕಸ್ಮಾತ್ತಾಗಿ ಈ ಜೋಡಿಗಳು ಮೂಡುವ ಸಂಭವ ಕಡಿಮೆಯಾಗುವಂತೆ ಈ ಸಂಖ್ಯೆಗಳನ್ನು ಆರಿಸಿದ್ದಾರೆ. ಅಂದರೆ ಇವು ಯಂತ್ರದ ಅನುಕೂಲಕ್ಕಾಗಿ ಹುಟ್ಟಿದ ಧ್ವನಿಗಳು. ಇಲ್ಲಿ ಮನುಷ್ಯನು ಯಂತ್ರದ ಭಾಷೆಯನ್ನಾಡುತ್ತಾನೆ. ಮಾತಿನಿಂದ ಮನೆಯನ್ನು ನಡೆಸುವಾಗಲಾದರೋ ಯಂತ್ರವೇ ಮನುಷ್ಯನ ಭಾಷೆಯನ್ನು ಅರಿಯಬೇಕಾಗುತ್ತದೆ. ಇದು ಎಷ್ಟೋ ಪಾಲು ಕಷ್ಟವಾದ ಕೆಲಸ. ಏಕೆಂಬುದನ್ನು ತಿಳಿಯಲು ಮಾತಿನ ರಚನೆಯನ್ನು ನೋಡಬೇಕು.

ಮಾತೆಂಬ ಶಬ್ದ

ಗಂಟಲಿನಲ್ಲಿರುವ ಧ್ವನಿತಂತುಗಳು ಶ್ವಾಸಕೋಶದಿಂದ ಬರುವ ಗಾಳಿಯ ಒತ್ತಡಕ್ಕೆ ಕಂಪಿಸುತ್ತವೆ. ಗಂಡಸರಲ್ಲಿ ಇವು ಸೆಕೆಂಡಿಗೆ ಸುಮಾರು 120 ಬಾರಿ, ಹೆಂಗಸರಲ್ಲಿ ಸುಮಾರು 200 ಬಾರಿ, ಚಿಕ್ಕ ಮಕ್ಕಳಲ್ಲಿ 300ರ ಸುಮಾರಿಗೆ ಕಂಪಿಸುವುವು. ದನಿಯು ದಪ್ಪವೋ ಕೀಚಲೋ ಎಂಬುದು ಇದರಿಂದ ನಿಶ್ಚಯವಾಗುತ್ತದೆ. ಆದರೆ ನುಡಿದ ಅಕ್ಷರವು 'ಆ'ಕಾರವೋ 'ಈ'ಕಾರವೋ ಎಂಬುದು ಇದರಿಂದ ನಿಶ್ಚಯವಾಗುವುದಿಲ್ಲ. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಗಂಟಲಿನ ಮೇಲೆ ಬೆರಳಿಟ್ಟುಕೊಂಡು 'ಆ, ಈ, ಊ' ಎಂದು ಪಿಸುಗುಟ್ಟಿರಿ. ಬೆರಳಿಗೆ ಕಂಪನವು ತಾಗುವುದಿಲ್ಲ. ಆದರೂ ಮೂರು ಸ್ವರಗಳು ಮೂರಾಗಿಯೇ ಕೇಳುತ್ತವೆ.

ಹಾಗಾದರೆ ಅಕ್ಷರದ ಗುಟ್ಟು ಎಲ್ಲಿದೆ? ಬಾಯಿಯ ಆಕಾರದಲ್ಲಿದೆ. ಕೊಡಕ್ಕೆ ನೀರು ತುಂಬುವಾಗ ಅದರ ಸಪ್ಪಳವು ಮೆಲ್ಲಮೆಲ್ಲನೆ ಏರುವುದನ್ನು ನೀವು ಕೇಳಿರುವಿರಿ. ಕೊಡದೊಳಗಿನ ಗಾಳಿಯ ಪೊಳ್ಳು ಕಿರಿದಾದಂತೆ ಅದು ಅನುನಾದ ಕೊಡುವ ಸ್ವರವು ಏರುತ್ತದೆ. ಗಂಟಲು ಮತ್ತು ಬಾಯಿಗಳು ಇಂಥ ಪೊಳ್ಳುಗಳೇ. ನಾಲಿಗೆ ತುಟಿಗಳು ಅಲುಗಿದಂತೆಲ್ಲ ಇವುಗಳ ಆಕಾರ ಬದಲಾಗಿ, ಕೆಲವು ಕಂಪನಗಳು ಬಲಗೊಂಡು ಉಳಿದವು ಕುಗ್ಗುತ್ತವೆ. ಪ್ರೌಢ ಗಂಡಸಿನ 'ಆ'ಕಾರದಲ್ಲಿ ಸುಮಾರು 700 ಮತ್ತು 1100ರ ಬಳಿ ಬಲವಾದ ಎರಡು ಶಿಖರಗಳಿರುತ್ತವೆ. 'ಈ'ಕಾರದಲ್ಲಿ 300 ಮತ್ತು 2300ರ ಬಳಿ. 'ಊ'ಕಾರದಲ್ಲಿ 300 ಮತ್ತು 800ರ ಬಳಿ. 'ಸ', 'ಶ'ಗಳಂಥ ಊಷ್ಮಾಕ್ಷರಗಳ ಶಕ್ತಿಯು ಇನ್ನೂ ಮೇಲಿನ ಕಂಪನಗಳಲ್ಲಿ ಹರಡಿರುತ್ತದೆ.

ಫೋನಿನ ಗುಂಡಿಯ ಸ್ವರಗಳು ಎಲ್ಲರ ಕೈಯಲ್ಲಿಯೂ ಒಂದೇ. ಮಾತಿನ ಶಿಖರಗಳು ಹಾಗಲ್ಲ. ಮಗುವಿನ ಬಾಯಿ ಚಿಕ್ಕದಾದುದರಿಂದ ಅದರ ಶಿಖರಗಳು ಮೇಲಕ್ಕೆ ಸರಿಯುತ್ತವೆ. ನೆಗಡಿಯಾದಾಗ, ಹಲ್ಲು ಬಿದ್ದಾಗ, ಅವಸರದಲ್ಲಿ ಮಾತಾಡಿದಾಗ ಎಲ್ಲವೂ ಬೇರೆ. ಒಂದೇ ಮಾತನ್ನು ಒಬ್ಬನೇ ಎರಡು ಸಲ ಆಡಿದರೂ ಎರಡು ತರಂಗಗಳು ತಾಳೆಯಾಗುವುದಿಲ್ಲ.

ಅಕ್ಕಿಕಾಳಿಗಿಂತ ಕಿರಿದಾದ ಕಿವಿ

ಮಾತು ಕೇಳುವ ಪೆಟ್ಟಿಗೆಯಲ್ಲಿರುವ ಮೈಕ್ರೊಫೋನಿನ ಪೊರೆಯು ಸುಮಾರು ಒಂದು ಮಿಲಿಮೀಟರ್ ಅಗಲವುಳ್ಳ, ಸಿಲಿಕಾನಿನಲ್ಲಿ ಕೊರೆದ ತೆಳುಹಾಳೆ. ಇದರ ಎದುರಿಗೆ ಮತ್ತೊಂದು ಫಲಕವಿದ್ದು, ಎರಡೂ ಕೂಡಿ ಒಂದು ಕೆಪ್ಯಾಸಿಟರ್ ಆಗುತ್ತವೆ. ಶಬ್ದತರಂಗವು ಬಡಿದಾಗ ಪೊರೆ ಅಲುಗಿ, ಎರಡರ ನಡುವಣ ಅಂತರ ಹೆಚ್ಚುಕಡಿಮೆಯಾಗಿ ವಿದ್ಯುತ್ ಸಂಜ್ಞೆ ಹೊರಡುತ್ತದೆ.

ಈ ಸಂಜ್ಞೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಬಾರಿ ಅಳೆದು ಅಂಕೆಗಳನ್ನಾಗಿ ಬರೆದುಕೊಳ್ಳುತ್ತಾರೆ. ಅಳತೆಯ ವೇಗದ ಅರ್ಧದಷ್ಟು ಕಂಪನದವರೆಗೆ ಮಾತ್ರ ಶಬ್ದವನ್ನು ಹಿಡಿಯಬಹುದೆಂಬ ನಿಯಮವಿರುವುದರಿಂದ, ಇಲ್ಲಿ 8,000 ಕಂಪನಗಳವರೆಗಿನದು ದೊರೆಯುತ್ತದೆ. ಮಾತಿಗೆ ಇಷ್ಟು ಸಾಕು. ಬಳಿಕ ಸೆಕೆಂಡಿನ ನಲವತ್ತನೆಯ ಒಂದು ಪಾಲಿನಷ್ಟು ತುಣುಕುಗಳನ್ನು ಒಂದಾದ ಮೇಲೊಂದರಂತೆ ತೆಗೆದುಕೊಂಡು, ಪ್ರತಿ ತುಣುಕಿನಲ್ಲಿಯೂ ಯಾವ ಯಾವ ಕಂಪನವು ಎಷ್ಟೆಷ್ಟು ಬಲವಾಗಿದೆಯೆಂದು ಲೆಕ್ಕ ಹಾಕುತ್ತಾರೆ. ಫ್ರಾನ್ಸಿನ ಗಣಿತಜ್ಞ ಫೂರಿಯೇ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಉಷ್ಣದ ಹರಿವನ್ನು ವಿವರಿಸಲು ಹೂಡಿದ ಗಣಿತವೇ ಇಲ್ಲಿ ನೆರವಿಗೆ ಬರುತ್ತದೆ. ಹೀಗೆ ಮಾತು ಒಂದು ಚಿತ್ರವಾಗಿ ಮಾರ್ಪಡುತ್ತದೆ. ಈ ಚಿತ್ರವನ್ನು ಓದುವುದೇ ಯಂತ್ರದ ಮುಂದಿನ ಕೆಲಸ.

ಆಟಿಕೆಯ ನಾಯಿಯಿಂದ ಇಂದಿನವರೆಗೆ

1920ರ ದಶಕದಲ್ಲಿ ಅಮೆರಿಕದಲ್ಲಿ 'ರೇಡಿಯೋ ರೆಕ್ಸ್' ಎಂಬ ಆಟಿಕೆ ಮಾರಾಟವಾಗುತ್ತಿತ್ತು. 'ರೆಕ್ಸ್' ಎಂದು ಕೂಗಿದರೆ ಗೂಡಿನೊಳಗಿನ ನಾಯಿ ಹೊರಕ್ಕೆ ಜಿಗಿಯುತ್ತಿತ್ತು. ಆ ಹೆಸರಿನ 'ಎ'ಕಾರದಲ್ಲಿ 500ರ ಸುಮಾರಿನ ಕಂಪನವು ಬಲವಾಗಿರುವುದರಿಂದ ಒಳಗಿನ ಲೋಹದ ಪಟ್ಟಿ ಕಂಪಿಸಿ, ವಿದ್ಯುತ್ ತಪ್ಪಿ, ಸ್ಪ್ರಿಂಗು ಬಿಡುಗಡೆಯಾಗುತ್ತಿತ್ತು. ನಾಯಿಗೆ ತನ್ನ ಹೆಸರು ತಿಳಿದಿರಲಿಲ್ಲ. ಒಂದು ಕಂಪನ ಮಾತ್ರ ತಿಳಿದಿತ್ತು.

1952ರಲ್ಲಿ ಬೆಲ್ ಪ್ರಯೋಗಶಾಲೆಯವರು 'ಆಡ್ರಿ' ಎಂಬ ಯಂತ್ರವನ್ನು ಕಟ್ಟಿದರು. ಅದು ಇಂಗ್ಲಿಷಿನ ಅಂಕೆಗಳನ್ನು ಗುರುತಿಸುತ್ತಿತ್ತು; ಆದರೆ ಅದನ್ನು ಯಾರ ದನಿಗೆ ಹೊಂದಿಸಿದ್ದರೋ ಅವರು ಆಡಿದಾಗ ಮಾತ್ರ ಚೆನ್ನಾಗಿ. ಐ.ಬಿ.ಎಂ. ಸಂಸ್ಥೆಯು 1962ರಲ್ಲಿ ಪ್ರದರ್ಶಿಸಿದ 'ಶೂಬಾಕ್ಸ್' 16 ಪದಗಳನ್ನರಿತಿತ್ತು. 1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ 'ಹಾರ್ಪಿ' ಸಾವಿರದಷ್ಟು ಪದಗಳನ್ನು ಮುಟ್ಟಿತು. ಆ ವಿಶ್ವವಿದ್ಯಾಲಯದಲ್ಲಿ ಈ ಸಂಶೋಧನೆಗೆ ಬುನಾದಿ ಹಾಕಿದವರಲ್ಲಿ ಅಗ್ರಗಣ್ಯರಾದ ರಾಜ್ ರೆಡ್ಡಿಯವರು ನಮ್ಮ ನೆರೆಯ ಆಂಧ್ರದ ಹಳ್ಳಿಯೊಂದರಲ್ಲಿ 1937ರಲ್ಲಿ ಹುಟ್ಟಿದವರು; 1994ರ ಟ್ಯೂರಿಂಗ್ ಪ್ರಶಸ್ತಿಯನ್ನು ಮತ್ತೊಬ್ಬ ವಿಜ್ಞಾನಿಯೊಡನೆ ಹಂಚಿಕೊಂಡವರು.

ಈ ಮೊದಲ ಯಂತ್ರಗಳಿಗೆ ಮನುಷ್ಯರೇ ನಿಯಮಗಳನ್ನು ಹೇಳಿಕೊಡುತ್ತಿದ್ದರು. 1970ರ ದಶಕದಿಂದ ಬೇರೊಂದು ದಾರಿ ತೆರೆಯಿತು: ಯಂತ್ರಕ್ಕೆ ನಿಯಮವನ್ನು ಹೇಳಬೇಡಿರಿ, ಮಾತನ್ನೂ ಅದರ ಬರಹವನ್ನೂ ಜೊತೆಗೂಡಿಸಿ ಹೇರಳವಾಗಿ ಉಣಿಸಿರಿ, ಯಾವ ಚಿತ್ರಕ್ಕೆ ಯಾವ ಅಕ್ಷರ ಹೊಂದುವ ಸಂಭವ ಎಷ್ಟೆಂಬುದನ್ನು ಅದೇ ಎಣಿಸಿಕೊಳ್ಳಲಿ. 2010ರ ಬಳಿಕ ನರಜಾಲಗಳನ್ನು ಅನುಕರಿಸುವ ಗಣನವಿಧಾನವು ಈ ಎಣಿಕೆಯನ್ನು ಬಹಳ ಸೂಕ್ಷ್ಮಗೊಳಿಸಿತು. ಅಮೆಜಾನ್ ಸಂಸ್ಥೆಯ 'ಎಕೋ' ಎಂಬ ಮಾತು ಕೇಳುವ ಪೆಟ್ಟಿಗೆ 2014ರಲ್ಲಿ ಅಮೆರಿಕದಲ್ಲಿಯೂ 2017ರಲ್ಲಿ ನಮ್ಮ ದೇಶದಲ್ಲಿಯೂ ಮಾರುಕಟ್ಟೆಗೆ ಬಂದಿತು.

ಯಂತ್ರವು ಊಹಿಸುವ ಬಗೆ

ಕನ್ನಡದ ಉದಾಹರಣೆಯಿಂದ ಇದನ್ನು ನೋಡೋಣ. ಯಾರೋ "ದೀಪ ಹಚ್ಚು" ಎಂದರು. ಸದ್ದುಗದ್ದಲದಲ್ಲಿ ಯಂತ್ರಕ್ಕೆ ಎರಡನೆಯ ಪದವು 'ಹಚ್ಚು' ಎಂದೋ 'ಹೆಚ್ಚು' ಎಂದೋ ಸ್ಪಷ್ಟವಾಗಲಿಲ್ಲ. ಕಿವಿಯ ಸಾಕ್ಷ್ಯದಂತೆ 'ಹಚ್ಚು' ಎಂಬುದಕ್ಕೆ 0.4, 'ಹೆಚ್ಚು' ಎಂಬುದಕ್ಕೆ 0.5 ಅಂಕ ಬಂದಿತೆಂದಿಟ್ಟುಕೊಳ್ಳೋಣ. ಆದರೆ ತಾನು ಹಿಂದೆ ಕಂಡ ವಾಕ್ಯಗಳಲ್ಲಿ 'ದೀಪ' ಎಂಬುದರ ಬೆನ್ನಿಗೆ 'ಹಚ್ಚು' ಬಂದ ಸಂಭಾವ್ಯತೆ 0.2, 'ಹೆಚ್ಚು' ಬಂದದ್ದು 0.01 ಎಂದು ಯಂತ್ರಕ್ಕೆ ಗೊತ್ತಿದೆಯೆನ್ನೋಣ. ಗುಣಿಸಿದರೆ ಮೊದಲನೆಯದಕ್ಕೆ 0.08, ಎರಡನೆಯದಕ್ಕೆ 0.005 ಬರುತ್ತದೆ. ಕಿವಿಯು ತಪ್ಪಿದರೂ ರೂಢಿಯು ತಿದ್ದಿತು. ಹಾಲು-ಹಾಳು, ಕಾಲು-ಕಾಳುಗಳನ್ನು ನಾವೂ ಗದ್ದಲದಲ್ಲಿ ಹೀಗೆಯೇ ಬೇರ್ಪಡಿಸುತ್ತೇವೆ.

ಇಷ್ಟಾದರೂ ಕನ್ನಡವು ಯಂತ್ರಕ್ಕೆ ಇನ್ನೊಂದು ಸವಾಲನ್ನೊಡ್ಡುತ್ತದೆ. ನಮ್ಮ ಭಾಷೆಯಲ್ಲಿ ಅರ್ಥದ ಬಹುಭಾಗವು ಪದದ ಬಾಲದಲ್ಲಿ ಅಂಟಿಕೊಂಡಿರುತ್ತದೆ. ಹಚ್ಚು, ಹಚ್ಚಿರಿ, ಹಚ್ಚಿದೆಯಾ, ಹಚ್ಚಬೇಡ - ಧಾತು ಒಂದೇ. ಆದರೆ ಮೊದಲೆರಡು ಆಜ್ಞೆ, ಮೂರನೆಯದು ಪ್ರಶ್ನೆ, ಕಡೆಯದು ನಿಷೇಧ. ಮೊದಲ ಅಕ್ಷರಗಳನ್ನು ಕೇಳಿ ಕೆಲಸಕ್ಕೆ ಧಾವಿಸುವ ಯಂತ್ರವು ಬೇಡವೆಂದ ದೀಪವನ್ನೇ ಹೊತ್ತಿಸಿಬಿಟ್ಟೀತು.

ಮನೆಯಲ್ಲಿ ಹೂಡುವ ಕ್ರಮ

ಈಗ ನಮ್ಮ ಮನೆಗೆ ಬರೋಣ. ಬೇಕಾದ ಸಾಮಾನುಗಳು ಮೂರು: ಮಾತು ಕೇಳುವ ಪೆಟ್ಟಿಗೆ ಅಥವಾ ಸ್ಮಾರ್ಟ್‌ಫೋನು, ವೈಫೈ ರೂಟರು, ವೈಫೈಗೆ ಓಗೊಡುವ ಬಲ್ಬು ಇಲ್ಲವೆ ಪ್ಲಗ್ಗು. ಪ್ಲಗ್ಗಿನೊಳಗೆ, ಹೊಲದ ಸ್ಟಾರ್ಟರಿನಲ್ಲಿದ್ದಂತೆಯೇ, ಒಂದು ರಿಲೇ ಇರುತ್ತದೆ.

ಪೆಟ್ಟಿಗೆಯು ಸದಾಕಾಲವೂ ಕಿವಿತೆರೆದಿದ್ದರೂ ತನ್ನನ್ನು ಕರೆಯುವ ಒಂದು ಪದಕ್ಕಾಗಿ ಮಾತ್ರ ಕಾಯುತ್ತಿರುತ್ತದೆ. ಆ ಪದವನ್ನು ಗುರುತಿಸುವ ಕೆಲಸ ಪೆಟ್ಟಿಗೆಯೊಳಗೇ ನಡೆಯುತ್ತದೆ. ಕರೆಪದವು ಕೇಳಿದೊಡನೆ ದೀಪ ಮಿನುಗಿ, ಅನಂತರದ ಮಾತು ಸಾಮಾನ್ಯವಾಗಿ ಅಂತರ್ಜಾಲದ ಮೂಲಕ ದೂರದ ಗಣಕಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಮಾತು ಬರಹವಾಗಿ, ಬರಹದಿಂದ 'ಯಾವ ವಸ್ತು, ಯಾವ ಕ್ರಿಯೆ, ಯಾವ ಕೋಣೆ' ಎಂಬುದು ಬೇರ್ಪಟ್ಟು, ಆಜ್ಞೆಯು ಮರಳಿ ನಮ್ಮ ಮನೆಯ ಬಲ್ಬಿಗೆ ಬರುತ್ತದೆ. ಪಡಸಾಲೆಯ ದೀಪಕ್ಕೆ ಹೇಳಿದ ಮಾತು ನೂರಾರು ಮೈಲಿ ಹೋಗಿಬರುವುದು ಎರಡು ಸೆಕೆಂಡಿನೊಳಗಿನ ಮಾತು.

ಇದರಿಂದ ಕೆಲವು ವ್ಯಾವಹಾರಿಕ ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ಸ್ಮಾರ್ಟ್ ಬಲ್ಬಿನ ಗೋಡೆಗುಂಡಿಯನ್ನು ಯಾವಾಗಲೂ ಒತ್ತಿಯೇ ಇಟ್ಟಿರಬೇಕು. ಗುಂಡಿ ಆರಿಸಿದರೆ ಬಲ್ಬಿನ ಕಿವಿಯೂ ಮುಚ್ಚುತ್ತದೆ. ಎರಡನೆಯದಾಗಿ, ವಿದ್ಯುತ್ತು ಹೋಗಿಬರುವ ಊರುಗಳಲ್ಲಿ ರೂಟರನ್ನು ಇನ್ವರ್ಟರಿಗೆ ಜೋಡಿಸುವುದು ಒಳ್ಳೆಯದು. ಮೂರನೆಯದಾಗಿ, ಅಗ್ಗದ ಬಲ್ಬುಗಳು ಬಹುಮಟ್ಟಿಗೆ 2.4 ಗಿಗಾಹರ್ಟ್ಸ್ ತರಂಗವನ್ನೇ ಬಳಸುತ್ತವೆ. ಹಳೆಯ ಮನೆಗಳ ದಪ್ಪ ಕಲ್ಲುಗೋಡೆಯು ಈ ತರಂಗವನ್ನು ಬಹಳವಾಗಿ ಕುಗ್ಗಿಸುವುದರಿಂದ, ರೂಟರನ್ನು ಮನೆಯ ನಡುವೆ, ಬಾಗಿಲುಗಳ ನೇರಕ್ಕೆ ಇಡಬೇಕು. ನಾಲ್ಕನೆಯದಾಗಿ, ದೀಪಗಳಿಗೆ ಇಡುವ ಹೆಸರುಗಳು ಒಂದಕ್ಕೊಂದು ದೂರವಾಗಿರಲಿ. 'ಒಂದನೇ ದೀಪ, ಎರಡನೇ ದೀಪ' ಎನ್ನುವುದಕ್ಕಿಂತ 'ಪಡಸಾಲೆ, ಅಡಿಗೆಮನೆ, ಅಂಗಳ' ಎಂಬ ಹೆಸರುಗಳಲ್ಲಿ ಗೊಂದಲಕ್ಕೆ ಎಡೆ ಕಡಿಮೆ.

ಮುಖ್ಯವಾಗಿ, ಕೊಳ್ಳುವ ಮೊದಲು ಆ ಸಾಧನವು ಕನ್ನಡವನ್ನು ಒಪ್ಪುವುದೇ ಎಂಬುದನ್ನು ವಿಚಾರಿಸಬೇಕು. ಗೂಗಲ್ ಸಂಸ್ಥೆಯು 2017ರಲ್ಲಿ ಕನ್ನಡದ ಮಾತನ್ನು ಬರಹವಾಗಿಸುವ ಸೌಕರ್ಯವನ್ನು ಫೋನುಗಳಿಗೆ ತಂದಿತು. ಅದರ 'ಜೆಮಿನಿ ಲೈವ್' ಎಂಬ ಸಂಭಾಷಣೆಯ ಏರ್ಪಾಡು 2024ರಲ್ಲಿ ಕನ್ನಡಕ್ಕೂ ವಿಸ್ತರಿಸಿತು. ಅಮೆಜಾನಿನ ಪೆಟ್ಟಿಗೆಗೆ 2019ರಲ್ಲಿ ಹಿಂದಿ ಬಂದಿತು. ಒಟ್ಟಿನಲ್ಲಿ ಕನ್ನಡವು ಅಂಗೈಯ ಫೋನಿಗೆ ಬಂದಷ್ಟು ಬೇಗ ಗೂಡಿನ ಮೇಲಿನ ಪೆಟ್ಟಿಗೆಗೆ ಬರಲಿಲ್ಲ.

ಗೋಲಗುಮ್ಮಟವು ಕಲಿಸುವ ಪಾಠ

ಪೆಟ್ಟಿಗೆಯನ್ನು ಎಲ್ಲಿಡಬೇಕು? ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ಇದನ್ನು ತಿಳಿಸಲು ಗೋಲಗುಮ್ಮಟಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇರಿಲ್ಲ. ಮುಹಮ್ಮದ್ ಆದಿಲ್‌ಶಾಹನ ಈ ಸಮಾಧಿಯ ಮೇಲ್ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಲ್ಲಿಯ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರುಬದಿಯವರಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಅನೇಕ ಸಲ ಮಾರ್ದನಿಸುತ್ತದೆ. ಆದರೆ ಶಾಲೆಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದಾಗ ಅಲ್ಲಿ ಒಂದು ಮಾತಾದರೂ ತಿಳಿಯುತ್ತದೆಯೆ? ಶಬ್ದವು ಬಲವಾಗಿ ಉಳಿಯುತ್ತದೆ, ಮಾತು ಅಳಿಯುತ್ತದೆ. ಒಂದಕ್ಷರದ ಮಾರ್ದನಿಯು ಮುಗಿಯುವ ಮೊದಲೇ ಮುಂದಿನ ಅಕ್ಷರವು ಅದರ ಮೇಲೆ ಬೀಳುವುದೇ ಇದಕ್ಕೆ ಕಾರಣ.

ಸಣ್ಣ ಪ್ರಮಾಣದಲ್ಲಿ ನಮ್ಮ ಕೋಣೆಯೂ ಒಂದು ಗುಮ್ಮಟವೇ. ಶಬ್ದವು ನಿಂತಮೇಲೂ ಅದರ ಗುಂಗು ಉಳಿಯುವುದಕ್ಕೆ ಅನುರಣನವೆನ್ನುವರು. ಇದರ ಕಾಲವನ್ನು ಎಣಿಸುವ ಸೂತ್ರವನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೆಸ್ ಸಬೀನ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದನು: ಕೋಣೆಯ ಘನಗಾತ್ರವನ್ನು 0.16ರಿಂದ ಗುಣಿಸಿ, ಒಟ್ಟು ಶಬ್ದಹೀರಿಕೆಯಿಂದ ಭಾಗಿಸಬೇಕು. 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಬರಿಯ ಕಾಂಕ್ರೀಟು ಕೋಣೆಯ ಗಾತ್ರ 48 ಘನ ಮೀಟರ್. ಒಳಮೈಯ ವಿಸ್ತೀರ್ಣ 80 ಚದರ ಮೀಟರ್. ಗಿಲಾವು ಮಾಡಿದ ಗೋಡೆಯು ತನಗೆ ತಾಗಿದ ಶಬ್ದದಲ್ಲಿ ನೂರಕ್ಕೆ 3ರಷ್ಟನ್ನು ಮಾತ್ರ ಹೀರುತ್ತದೆಂದರೆ, ಒಟ್ಟು ಹೀರಿಕೆ 2.4. ಅನುರಣನ ಕಾಲವು 3.2 ಸೆಕೆಂಡು! ಅದೇ ಕೋಣೆಯಲ್ಲಿ ಗಾದಿ, ಕೌದಿ, ತೂಗುಬಿಟ್ಟ ಅರಿವೆ, ಕುಳಿತ ಜನ, ತೆರೆದ ಕಿಡಕಿ ಇವೆಲ್ಲ ಸೇರಿ ಹೀರಿಕೆಗೆ 10ನ್ನು ಕೂಡಿಸಿದರೆ ಕಾಲವು ಸುಮಾರು 0.6 ಸೆಕೆಂಡಿಗೆ ಇಳಿಯುತ್ತದೆ. ಅಜ್ಜಿ ಹೊಲಿದ ಕೌದಿಯು ಚಳಿಯನ್ನಷ್ಟೇ ಅಲ್ಲ, ಅನುರಣನವನ್ನೂ ಕಳೆಯುತ್ತದೆ.

ದೂರವೂ ಲೆಕ್ಕಕ್ಕೆ ಬರುತ್ತದೆ. ನೇರವಾಗಿ ಬರುವ ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುವುದರಿಂದ, 1 ಮೀಟರಿನಲ್ಲಿದ್ದುದು 4 ಮೀಟರಿನಲ್ಲಿ ಹದಿನಾರನೆಯ ಒಂದು ಪಾಲಾಗುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಮೂಲೆಯಲ್ಲಿ, ಪಂಖದ ಗಾಳಿಗೆ, ಟೀವಿಯ ಪಕ್ಕದಲ್ಲಿ ಇಡದೆ, ಮಾತಾಡುವವರು ಕೂಡುವ ಜಾಗಕ್ಕೆ ಹತ್ತಿರವಾಗಿ ಇಡಬೇಕು.

ಯಾರ ಕನ್ನಡ?

ಇನ್ನು ನಮ್ಮ ಎರಡನೆಯ ಪ್ರಶ್ನೆ. ಯಂತ್ರವು ತಾನು ಕೇಳಿ ಕಲಿತ ಮಾತುಗಳ ಮೊತ್ತವೇ ಹೊರತು ಬೇರೇನೂ ಅಲ್ಲ. ಅದು ಕಲಿತದ್ದು ವಾರ್ತೆ ಓದುವವರ ಕನ್ನಡವಾಗಿದ್ದರೆ ವಾರ್ತೆ ಓದುವವರ ಕನ್ನಡವನ್ನೇ ಚೆನ್ನಾಗಿ ಅರಿಯುತ್ತದೆ. ಸಿಂದಗಿಯ ಅಜ್ಜಿಯು "ದೀಪವನ್ನು ಬೆಳಗಿಸು" ಎನ್ನುವಳೆ? "ತಮ್ಮಾ, ಆ ಲೈಟ ಒಂದೀಟ ಹಚ್ಚೋ" ಎನ್ನುವಳು. "ಫ್ಯಾನ್ ಬಂದ್ ಮಾಡ್ರಿ", "ಮೋಟಾರ್ ಚಾಲೂ ಮಾಡ್", "ಅದನ್ನ ಹಚ್ಚಬ್ಯಾಡ" ಎಂಬವು ಇಲ್ಲಿಯ ನುಡಿ. ಮಹಾರಾಷ್ಟ್ರದ ಗಡಿಗೆ ತಾಗಿದ ಇಂಡಿಯ ಕಡೆಗೆ ಮರಾಠಿಯ ಪದಗಳೂ ಸಲೀಸಾಗಿ ಬೆರೆಯುತ್ತವೆ. ಇವು ತಪ್ಪು ಕನ್ನಡವಲ್ಲ. ಯಂತ್ರವು ಸಾಕಷ್ಟು ಕೇಳದ ಕನ್ನಡ.

ಇದು ಬರಿಯ ಊಹೆಯಲ್ಲವೆಂಬುದಕ್ಕೆ ಅಮೆರಿಕದಲ್ಲಿ ನಡೆದ ಪರೀಕ್ಷೆ ಸಾಕ್ಷಿಯಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಐದು ದೊಡ್ಡ ಸಂಸ್ಥೆಗಳ ಯಂತ್ರಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದಂತೆ, ಬಿಳಿಯರ ಮಾತಿನಲ್ಲಿ ಯಂತ್ರಗಳು ನೂರು ಪದಗಳಿಗೆ ಸರಾಸರಿ 19ರಷ್ಟು ತಪ್ಪಿದರೆ, ಕಪ್ಪು ಜನರ ಮಾತಿನಲ್ಲಿ 35ರಷ್ಟು ತಪ್ಪಿದುವು. ಇಬ್ಬರದೂ ಇಂಗ್ಲಿಷೇ. ಇಂಗ್ಲಿಷಿಗೇ ಈ ಗತಿಯಾದರೆ, ನೂರಾರು ಬಗೆಯಾಗಿ ನುಡಿಯುವ ನಮ್ಮ ಭಾಷೆಗಳ ಪಾಡೇನು?

ಈ ಕೊರತೆಯನ್ನು ತುಂಬುವ ಕೆಲಸ ನಮ್ಮಲ್ಲಿಯೂ ಆರಂಭವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಗೂಗಲಿನ ನೆರವಿನಿಂದ 'ವಾಣಿ' ಎಂಬ ಯೋಜನೆಯನ್ನು ಕೈಕೊಂಡು, ದೇಶದ ಜಿಲ್ಲೆ ಜಿಲ್ಲೆಗಳಿಂದ ಜನರ ಸಹಜ ಮಾತನ್ನು ಸಂಗ್ರಹಿಸುತ್ತಿದೆ. ಜನರಿಗೆ ಚಿತ್ರಗಳನ್ನು ತೋರಿಸಿ, ಕಂಡದ್ದನ್ನು ತಮ್ಮ ತಮ್ಮ ನುಡಿಯಲ್ಲಿ ಹೇಳಿರೆಂದು ಕೇಳುವುದು ಇದರ ಕ್ರಮ. ಒಂದೂವರೆ ಲಕ್ಷ ಗಂಟೆಗಳ ಮಾತನ್ನು ಸಂಗ್ರಹಿಸುವುದು ಯೋಜನೆಯ ಗುರಿ. ಹಗಲಿರುಳೂ ಎಡೆಬಿಡದೆ ಕೇಳಿದರೆ ಅದು 17 ವರ್ಷಗಳ ಮಾತು! ಕೇಂದ್ರ ಸರಕಾರವು 2022ರಲ್ಲಿ ಉದ್ಘಾಟಿಸಿದ 'ಭಾಷಿಣಿ' ಯೋಜನೆಯು ಜನರು ತಮ್ಮ ದನಿಯನ್ನೇ ದಾನಮಾಡುವ 'ಭಾಷಾದಾನ'ವೆಂಬ ಏರ್ಪಾಡನ್ನು ಮಾಡಿದೆ. ಅನ್ನದಾನ, ವಿದ್ಯಾದಾನಗಳ ಸಾಲಿಗೆ ಈಗ ಮಾತಿನ ದಾನವೂ ಸೇರಿದೆಯೆನ್ನಬಹುದು.

ಇದರಿಂದ ಯಾರಿಗೆ ಪ್ರಯೋಜನ? ಕೈಕಾಲು ನೆಟ್ಟಗಿರುವ ತರುಣನಿಗೆ ಎದ್ದು ಗುಂಡಿಯೊತ್ತುವುದೇನೂ ಕಷ್ಟವಲ್ಲ. ಕಣ್ಣಿಲ್ಲದವರಿಗೆ, ಪಾರ್ಶ್ವವಾಯು ಬಡಿದವರಿಗೆ, ರಾತ್ರಿ ಎದ್ದರೆ ಎಡವಿ ಬೀಳುವ ವೃದ್ಧರಿಗೆ, ಅಕ್ಷರ ಬಾರದುದರಿಂದ ಫೋನಿನ ಪರದೆಯನ್ನು ಓದಲಾರದವರಿಗೆ ಇದು ನಿಜವಾದ ಊರುಗೋಲು. ದುರ್ದೈವದಿಂದ, ಗ್ರಂಥಸ್ಥ ಕನ್ನಡವನ್ನು ಆಡದವರು ಹೆಚ್ಚಾಗಿ ಇವರೇ. ಯಂತ್ರದ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚೋ ಅವರ ಮಾತನ್ನೇ ಅದು ಎಲ್ಲರಿಗಿಂತ ಕಡಿಮೆ ಅರಿಯುವುದಾದರೆ ಆ ವಿಜ್ಞಾನವು ಅರ್ಧಕ್ಕೇ ನಿಂತಂತೆ.

ಎಚ್ಚರಿಕೆಯ ಮಾತು

ಕಿವಿಯುಳ್ಳ ಪೆಟ್ಟಿಗೆಯು ಬೇಡವಾದುದನ್ನೂ ಕೇಳಬಲ್ಲದು. ಕರೆಪದವೆಂದು ಭ್ರಮಿಸಿ ಎಚ್ಚತ್ತ ಪೆಟ್ಟಿಗೆಗಳು ಮನೆಯ ಮಾತನ್ನು ಮುದ್ರಿಸಿಕೊಳ್ಳುವುದುಂಟು. ಮುದ್ರಿಕೆಗಳಲ್ಲಿ ಕೆಲವನ್ನು ಪರೀಕ್ಷೆಗಾಗಿ ಸಿಬ್ಬಂದಿಯವರು ಆಲಿಸುತ್ತಿದ್ದರೆಂಬುದು 2019ರಲ್ಲಿ ಬಯಲಾಗಿ ಅನೇಕ ದೇಶಗಳಲ್ಲಿ ಚರ್ಚೆಯೆದ್ದಿತು. ಮುದ್ರಿಕೆಯನ್ನು ಅಳಿಸುವ ಅನುಕೂಲವನ್ನೂ, ಮೈಕ್ರೊಫೋನನ್ನು ಮುಚ್ಚುವ ಗುಂಡಿಯನ್ನೂ ಮನೆಯವರೆಲ್ಲ ಅರಿತಿರಬೇಕು.

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಬೆರಗಾಗುವಂಥ ಇನ್ನೊಂದು ಸಂಗತಿಯುಂಟು. ಮನುಷ್ಯರ ಕಿವಿಗೆ ನಿಲುಕದ, ಸೆಕೆಂಡಿಗೆ 20,000ಕ್ಕೂ ಮೇಲ್ಪಟ್ಟ ಕಂಪನಗಳಲ್ಲಿ ಅಡಗಿಸಿಟ್ಟ ಆಜ್ಞೆಯನ್ನು ಇಂಥ ಯಂತ್ರಗಳು ಪಾಲಿಸುವುದನ್ನು ಚೀನದ ಸಂಶೋಧಕರು 2017ರಲ್ಲಿ ತೋರಿಸಿದರು. 2019ರಲ್ಲಿ ಅಮೆರಿಕ ಮತ್ತು ಜಪಾನಿನ ಸಂಶೋಧಕರು, ಏರಿಳಿಸಿದ ಲೇಸರ್ ಬೆಳಕನ್ನು ದೂರದಿಂದ ಮೈಕ್ರೊಫೋನಿನ ಮೇಲೆ ಬೀರಿ, ಒಂದು ಮಾತೂ ಆಡದೆ ಅದಕ್ಕೆ ಆಜ್ಞೆ ಕೊಟ್ಟರು.

ಆದುದರಿಂದ ಯಾವ ಕೆಲಸವನ್ನು ಮಾತಿಗೊಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎಂಬುದಕ್ಕೆ ಒಂದು ಅಳತೆಗೋಲು ಬೇಕು. ತಪ್ಪಿದರೆ ಆಗುವ ಹಾನಿಯೇ ಆ ಅಳತೆಗೋಲು. ದೀಪವು ತಪ್ಪಾಗಿ ಹೊತ್ತಿದರೆ ಮತ್ತೊಮ್ಮೆ ಹೇಳಿದರಾಯಿತು. ಮೋಟಾರನ್ನು ಬಿಚ್ಚಿ ದುರಸ್ತಿ ಮಾಡುತ್ತಿರುವಾಗ ಅದು ತಪ್ಪಾಗಿ ಚಾಲೂ ಆದರೆ ಪ್ರಾಣವೇ ಹೋದೀತು. ದೀಪ, ಪಂಖ, ರೇಡಿಯೋಗಳು ಮಾತಿನಿಂದ ನಡೆಯಲಿ. ಪಂಪು, ನೀರುಕಾಯಿಸುವ ಹೀಟರು, ತಲೆಬಾಗಿಲ ಚಿಲಕಗಳು ಸಂದೇಹಕ್ಕೆ ಎಡೆಯಿಲ್ಲದ ಗುಂಡಿಗಳಿಂದಲೇ ನಡೆಯಲಿ. ದುರಸ್ತಿಯ ಕಾಲದಲ್ಲಂತೂ ಫ್ಯೂಜನ್ನು ಕಿತ್ತಿಡುವುದಕ್ಕೆ ಬದಲಿಯಾದ ಉಪಾಯ ಯಾವುದೂ ಇಲ್ಲ.

ಯಂತ್ರವು ಮಾತನ್ನು ಅರ್ಥಮಾಡಿಕೊಳ್ಳುತ್ತದೆಂದು ನಾವು ರೂಢಿಯಿಂದ ಹೇಳುತ್ತೇವೆ. ನಿಜವಾಗಿ ಅದು ಹಿಂದೆ ಕೇಳಿದುದರೊಡನೆ ಈಗ ಕೇಳಿದುದನ್ನು ತಾಳೆನೋಡುತ್ತದೆ. ಹಿಂದೆ ಅದು ಏನನ್ನು ಕೇಳಿತು ಎಂಬುದು ಮನುಷ್ಯರ ಕೈಯಲ್ಲಿದೆ. ಓದುವ ವಿದ್ಯಾರ್ಥಿಗಳು ಒಂದು ಸುಲಭವಾದ ಪ್ರಯೋಗವನ್ನು ಮಾಡಿ ನೋಡಬೇಕು. ಮನೆಮಾತಿನ ಇಪ್ಪತ್ತು ವಾಕ್ಯಗಳನ್ನು ಪಟ್ಟಿಮಾಡಿ, ಅಜ್ಜಿ, ತಾಯಿ, ತಮ್ಮ ಹೀಗೆ ಮೂವರಿಂದ ಫೋನಿಗೆ ಹೇಳಿಸಿ, ಯಾರ ಎಷ್ಟು ಪದಗಳು ತಪ್ಪಾಗಿ ಮೂಡುವುವೆಂದು ಎಣಿಸಿರಿ. ಅದೇ ವಾಕ್ಯಗಳನ್ನು ಬರಿಯ ಕೋಣೆಯಲ್ಲೊಮ್ಮೆ, ಹಾಸಿಗೆ ಹೊದಿಕೆ ತುಂಬಿದ ಕೋಣೆಯಲ್ಲೊಮ್ಮೆ ಹೇಳಿಸಿರಿ. ತಪ್ಪುಗಳ ಈ ಲೆಕ್ಕವು ಮುಂದೆ ನಿಮ್ಮಲ್ಲಿ ಯಾರಾದರೂ ಇಂಡಿಯ, ಸಿಂದಗಿಯ, ಮುದ್ದೇಬಿಹಾಳದ, ಬಾಗೇವಾಡಿಯ ಮಾತನ್ನು ಅರಿಯುವ ಯಂತ್ರವನ್ನು ಕಟ್ಟುವಾಗ ಮೊದಲು ಬೇಕಾಗುವ ಸಾಮಗ್ರಿಯಾಗಿದೆ.